ಹೋರಿ ದೇವರಿಗೆ ಹೆಣ್ಣುಕರುವಿನ ಹರಕೆ

ನಮ್ಮ ದೊಡ್ಡವ್ವ ಚನ್ನವೀರಮ್ಮ ಕುರುಗೋಡಿನ ದೊಡ್ಡಬಸವಣ್ಣನ ಮುಂದೆ ನಿಂತು ಹೆಣ್ಣುಕರು ಬೇಡಿಕೊಂಡು ಬಂದಳು ಎಂಬ ಸುದ್ದಿ ಕೇಳಿ ಕರೂರಿನಲ್ಲಿ ನಗದವರೇ ಇಲ್ಲ. ಹಿಂದಿನ ಓಣಿಯ ಉಚ್ಚಂಗೆಮ್ಮನಂತೂ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅಲ್ರೀ ಗೌಡ್ತಿ, ಅಲ್ಲಿ ಕುಂತಾತ ಹೋರಿ. ಹೋರಿ ದೇವ್ರನ್ನ ಹೆಣ್ಣುಕರ ಕೇಳಿದ್ರ ಆತ ಎಲ್ಲಿಂದ ತಂದ್ ಕೊಡಬೇಕ್ರಿ?"

"ಆತಗೂ ಅವ್ವ ಇದ್ಲು ಹೌದಿಲ್ಲೋ? ನಿನಗ್ಯಾಕ ಅದರ ಚಿಂತಿ, ಬಾಯಿ ಮುಚ್ಚ್ಕೊಂಡು ಮಜ್ಜಿಗಿ ತಗಂಡು ಹೋಗು," ಎಂದಳು ದೊಡ್ಡವ್ವ.

ದೊಡ್ಡವ್ವನ ಹರಕೆಗೆ ಕಾರಣ ರಾಣಿ. ರಾಣಿ ಎಂದರೆ ಅವಳ ಜರ್ಸಿ ಆಕಳು. ಜಿಂಕೆ ಬಣ್ಣ, ಕಪ್ಪು ಮೂತಿ, ಕಣ್ಣಿಗೆ ಕಾಡಿಗೆ ಹಚ್ಚಿದಂತೆ ಕಪ್ಪು ಅಂಚು. ದೊಡ್ಡಪ್ಪ ತೀರಿಕೊಂಡ ಮರುವರ್ಷ ಇನ್ನೂ ಈಯದ ಮಣಕವಾಗಿ ನಮ್ಮ ಮನೆಗೆ ಬಂದದ್ದು. ದೊಡ್ಡವ್ವನಿಗೆ ಮಕ್ಕಳಿಲ್ಲ. ದೊಡ್ಡಪ್ಪನ ತಮ್ಮನ ಮಗ ನಾನು, ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ರಜೆ ಸಿಕ್ಕಾಗ ಮಾತ್ರ ಬರುತ್ತಿದ್ದೆ. ಹೀಗಾಗಿ ದೊಡ್ಡವ್ವನ ಮಾತುಕತೆ, ಜಗಳ, ಸಿಟ್ಟು, ಸಮಾಧಾನ ಎಲ್ಲವೂ ರಾಣಿಯ ಜೊತೆಗೇ. ಬೆಳಿಗ್ಗೆ ಎದ್ದು ಮೊದಲು ಅದರ ಹಣೆಗೆ ವಿಭೂತಿ, ಆಮೇಲೆ ತನ್ನ ಹಣೆಗೆ.

ಆದರೆ ರಾಣಿ ಈದಾಗಲೆಲ್ಲ ಹೋರಿಕರುವನ್ನೇ ಈದಿತ್ತು. ಜರ್ಸಿ ಹೋರಿಗೆ ನಮ್ಮಲ್ಲಿ ಯಾರು ಕಿಮ್ಮತ್ತು ಕೊಡುತ್ತಾರೆ? ಡುಬ್ಬವಿಲ್ಲ, ನೊಗ ನಿಲ್ಲುವುದಿಲ್ಲ, ಬಿಸಿಲಿಗೆ ನಾಲಿಗೆ ಹೊರಗೆ ಹಾಕುತ್ತದೆ. ಒಂದೊಂದಾಗಿ ಹೋದವು. ಕೊನೆಯ ಸಲ ಈಯುವಾಗ ರಾಣಿಯ ಸೊಂಟ ಹಿಡಿದುಕೊಂಡಿತು. ಸಿರುಗುಪ್ಪದ ದನದ ಡಾಕ್ಟರು ಬಂದು ನೋಡಿ, "ಇನ್ನೊಂದು ಸಲ ಗಬ್ಬ ಆದ್ರ ಈ ಆಕಳ ಏಳಂಗಿಲ್ರಿ ಅಮ್ಮಾ" ಎಂದುಬಿಟ್ಟರು. ಅವತ್ತೇ ದೊಡ್ಡವ್ವ ಬಸ್ಸು ಹತ್ತಿ ಕುರುಗೋಡಿಗೆ ಹೋದದ್ದು.

"ಹಾಲಿಗಲ್ಲಲೇ ಮರಿಬಸ್ಯಾ," ಎಂದಳು ನನಗೆ. "ಹಾಲು ಎಮ್ಮಿನೂ ಕೊಡ್ತೈತಿ. ನಾಳೆ ರಾಣಿ ಹೋದ್ರ ಆಕಿ ಮಗಳು ಅಂತ ಒಂದು ಈ ಕೊಟ್ಟಿಗ್ಯಾಗ ನಿಂತಿರಬೇಕು. ಮುಂಜಾನಿ ಎದ್ದು ನಾನು ಯಾರ ಮಾರಿ ನೋಡ್ಲಿ, ನಿಂದೇನು?"

ನನ್ನ ತಲೆಯಲ್ಲಿ ಮಿಂಚು ಹೊಡೆದದ್ದು ಆಗಲೇ! ಹಿಂದಿನ ವಾರವಷ್ಟೇ ಬಳ್ಳಾರಿಯಲ್ಲಿ ಡಾಕ್ಟರ್ ವಿರೂಪಾಕ್ಷಪ್ಪ ಎನ್ನುವವರ ಭಾಷಣ ಕೇಳಿ ಬಂದಿದ್ದೆ. ಹೊರಗೆ ತರಬೇತಿ ಪಡೆದು ಬಂದ ಉತ್ಸಾಹಿ ಮನುಷ್ಯ, ಮಾತಾಡುತ್ತ ಮಾತಾಡುತ್ತ ಬೋರ್ಡಿನ ತುಂಬ ಗರ್ಭಕೋಶದ ಚಿತ್ರ ಬರೆದಿದ್ದರು. ಆಕಳಿಗೆ ಹಾರ್ಮೋನಿನ ಸೂಜಿ ಚುಚ್ಚಿದರೆ ಒಂದೇ ಸಲಕ್ಕೆ ಒಂದರ ಬದಲು ಹಲವು ತತ್ತಿ ಬಲಿಯುತ್ತವಂತೆ. ಒಳ್ಳೆಯ ಹೋರಿಯ ವೀರ್ಯ ಕೊಟ್ಟು, ವಾರ ಬಿಟ್ಟು ಭ್ರೂಣಗಳನ್ನು ತೊಳೆದು ಹೊರಗೆ ತೆಗೆದು, ಬೇರೆ ಬೇರೆ ಆಕಳ ಹೊಟ್ಟೆಯಲ್ಲಿ ಇಡಬಹುದಂತೆ. ತಾಯಿ ಹೊರುವುದೂ ಬೇಡ, ಹೆರುವುದೂ ಬೇಡ! ಎಂಬತ್ತೇಳನೇ ಇಸವಿಯಲ್ಲಿ ನಮ್ಮ ಕಡೆ ಇಂಥದ್ದನ್ನು ಕೇಳಿದವರು ಎಷ್ಟು ಜನ? ನನಗಂತೂ ಅವತ್ತು ಹಾಸ್ಟೆಲಿನ ಊಟವೇ ರುಚಿಸಿರಲಿಲ್ಲ.

ದೊಡ್ಡವ್ವನಿಗೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಅವಳು ಜೋಳ ಕೇರುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಅಂದ್ರ ಮಗಳು ರಾಣಿದು, ಹೊಟ್ಟಿ ಇನ್ನೊಬ್ಬಾಕಿದು?"

"ಹೌದು ದೊಡ್ಡವ್ವಾ."

"ಕರ ಯಾರನ್ನ ಹೋಲ್ತೈತಿ?"

"ರಾಣಿನ್ನ! ಅಚ್ಚು ಹಾಕಿದಂಗ!"

"ಕರ್ಕೊಂಡು ಬಾ ಆ ಡಾಕ್ಟ್ರನ್ನ."

ಡಾಕ್ಟರು ದಸರಾ ಮುಗಿದ ಮೇಲೆ ಬಂದರು. ನನಗಿನ್ನೂ ರಜೆ ಇತ್ತು. ಕುರುಗೋಡಿನಲ್ಲೂ ಒಂದು ಆಕಳಿಗೆ ಪ್ರಯತ್ನ ಮಾಡಿದ್ದರಂತೆ, ಅದರಲ್ಲಿ ಏನೂ ಸಿಕ್ಕಿರಲಿಲ್ಲ. ಹಾಗಾಗಿ ಅವರಿಗೂ ಹಟ. ಸೂಜಿ ಬೆಳಿಗ್ಗೆ ಸಂಜೆ ಹೊತ್ತು ತಪ್ಪದೆ ಬೀಳಬೇಕು ಎಂದು ನಮ್ಮ ಮನೆಯಲ್ಲೇ ಉಳಿದುಕೊಂಡರು. ಬಂದದ್ದು ಸೋಮವಾರ. ಸೋಮವಾರ ಬಸವಣ್ಣನ ವಾರ, ದನದ ಮೈಗೆ ನೊಗವೂ ಇಲ್ಲ, ಬಾರುಕೋಲೂ ಇಲ್ಲ, ಅಂದಮೇಲೆ ಸೂಜಿಯೂ ಇಲ್ಲ ಎಂದಳು ದೊಡ್ಡವ್ವ. ಡಾಕ್ಟರು ಮಂಗಳವಾರ ಶುರುಮಾಡಿದರು.

ಔಷಧ ತಣ್ಣಗಿರಬೇಕಿತ್ತು. ಕರೂರಿನಲ್ಲಿ ಫ್ರಿಜ್ ಎಲ್ಲಿ? ನಾನು ದಿನಾ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಿ ಐಸ್‌ಕ್ಯಾಂಡಿ ಮಾಡುವವರಿಂದ ಐಸು ತಂದು ಥರ್ಮಾಸಿಗೆ ತುಂಬಿಸುತ್ತಿದ್ದೆ. ಆ ಥರ್ಮಾಸನ್ನು ಡಾಕ್ಟರು ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಡಲು ಹೋದಾಗ ಶುರುವಾಯಿತು ನೋಡಿ ವಿಚಾರಣೆ.

"ಅದು ಏನಂದ್ರಿ, ಹಾರ್ಮೋನು? ಯಾವ ಗಿಡದ್ದು?"

"ಗಿಡದ್ದಲ್ರಿ ಅಮ್ಮಾರ, ಪ್ರಾಣಿದು. ಮಿದುಳಿನ ಬುಡಕ ಒಂದು ಸಣ್ಣ ಗ್ರಂಥಿ ಇರ್ತೈತಿ, ಅದರದ್ದು."

"ಯಾವ ಪ್ರಾಣಿ?"

ಡಾಕ್ಟರು ನನ್ನ ಕಡೆ ನೋಡಿದರು. ನಾನು ಮಾಳಿಗೆಯ ತೊಲೆ ನೋಡಿದೆ. ಅವರು ಸುಳ್ಳು ಹೇಳುವ ಪೈಕಿಯಲ್ಲ.

"ಹಂದಿದ್ರಿ."

ಲಿಂಗ ಕಟ್ಟಿಕೊಂಡವರ ಮನೆ, ಮಾಡದಲ್ಲಿ ಹಂದಿ! ದೊಡ್ಡವ್ವ ಎದ್ದು ನಿಂತಳು. ನಾನು ಮನಸ್ಸಿನಲ್ಲೇ ಡಾಕ್ಟರ ಚೀಲ ಕಟ್ಟಲು ಶುರುಮಾಡಿದ್ದೆ. ಆದರೆ ದೊಡ್ಡವ್ವ ಬೈಯಲಿಲ್ಲ. ಗಲ್ಲದ ಮೇಲೆ ಬೆರಳಿಟ್ಟು ಯೋಚನೆ ಮಾಡಿದಳು.

"ಹಂದಿ ಒಂದು ಸೂಲಿಗೆ ಎಷ್ಟು ಮರಿ ಹಾಕ್ತೈತಿ?"

"ಎಂಟು, ಹತ್ತು... ಹನ್ನೆರಡೂ ಹಾಕ್ತಾವ್ರಿ."

"ಅದಕ್ಕ ಅದರದ್ದ ತಂದೀರಿ," ಎಂದಳು ದೊಡ್ಡವ್ವ, ಎಲ್ಲ ತಿಳಿದುಹೋದವರ ಹಾಗೆ ತಲೆ ಆಡಿಸಿ. "ಕುದ್ರಿದು ತಂದಿದ್ರ ಓಡತಿತ್ತು. ಇರ್ಲಿ. ನಮ್ಮ ರಾಣಿ ಏನು ತಿನ್ನಂಗಿಲ್ಲಲ್ಲ, ಚುಚ್ಚಿಸಿಕೊಂತಾಳ ಅಷ್ಟ. ಆದ್ರ ಆ ಥರ್ಮಾಸು ಒಳಗ ಬ್ಯಾಡ. ಹೊರಗ ಕಟ್ಟಿಮ್ಯಾಲೆ ಇಡ್ರಿ."

ಅಲ್ಲಿಂದ ಪ್ರತಿ ಹೊತ್ತೂ ಅದೇ ಕ್ರಮ. ಡಾಕ್ಟರು ಸೂಜಿ ಚುಚ್ಚುವುದು, ದೊಡ್ಡವ್ವ ಚುಚ್ಚಿದ ಜಾಗಕ್ಕೆ ವಿಭೂತಿ ಹಚ್ಚುವುದು. "ಸ್ಪಿರಿಟ್ ಹಚ್ಚೀನ್ರಿ ಅಮ್ಮಾರ" ಎಂದರೆ, "ನಿಮ್ಮದು ನೀವು ಹಚ್ಚ್ರಿ, ನಂದು ನಾನು ಹಚ್ತೀನಿ" ಎನ್ನುವಳು. ರಾಣಿ ಮಾತ್ರ ಇಬ್ಬರ ಕಡೆಗೂ ಲಕ್ಷ್ಯ ಕೊಡದೆ ನೆಲ್ಲುಹುಲ್ಲು ಜಗಿಯುತ್ತ ನಿಂತಿರುತ್ತಿತ್ತು.

ಇನ್ನು ಹೊರುವ ಹೊಟ್ಟೆ ಬೇಕಲ್ಲ. ಊರಲ್ಲಿ ಮೂರು ಆಕಳು ಆರಿಸಿದರು, ಅದರಲ್ಲಿ ಒಂದು ಉಚ್ಚಂಗೆಮ್ಮನ ಕೆಂಚಿ. ಜವಾರಿ ಆಕಳು, ಕೆಂಪು ಮೈ, ಚೂಪು ಕೋಡು, ಅಗಲ ಸೊಂಟ. ಉಚ್ಚಂಗೆಮ್ಮ, ಗಂಡ ಎರ್ರೆಪ್ಪ ಇಬ್ಬರೂ ಗದ್ದೆ ಕೆಲಸಕ್ಕೆ ಹೋಗುವವರು. ಅವರಿಗಿದ್ದ ದನ ಅದೊಂದೇ. ಕರಾರನ್ನು ದೊಡ್ಡವ್ವ ಕಟ್ಟೆಯ ಮೇಲೆ ಕೂತು ಬಾಯಿಮಾತಿನಲ್ಲೇ ಮಾಡಿದಳು. ನಮ್ಮಲ್ಲಿ ಮಣಕವನ್ನು ಪಾಲಿಗೆ ಸಾಕಲು ಕೊಡುತ್ತಾರಲ್ಲ, ಹಾಗೆ.

"ನೋಡು ಉಚ್ಚಂಗಿ, ರಾಣಿ ಕರ ಹುಟ್ಟಿದ್ರ ಕರ ನಂದು, ಹಾಲು ನಿಂದು. ಹುಲ್ಲು ಹಿಂಡಿ ನಾನು ಕಳಸ್ತೀನಿ. ಕರ ಹಾಲು ಬಿಟ್ಟ ಮ್ಯಾಲೆ ನನ್ನ ಕೊಟ್ಟಿಗಿಗೆ."

"ನಮ್ಮ ಕೆಂಚಿ ನೆಕ್ಕಿ ಬೆಳೆಸಿದ್ದನ್ನ ನೀವು ಹಿಡ್ಕೊಂಡು ಹೋಗ್ತೀರೇನ್ರಿ?"

"ನಿನ್ನ ಮಗಳನ್ನೂ ನೆಕ್ಕಿ ಬೆಳೆಸಿದಿ. ಸಿಂಧನೂರಿಗೆ ಕೊಟ್ಟಿ ಇಲ್ಲೋ?"

ಉಚ್ಚಂಗೆಮ್ಮ ನಕ್ಕು ಒಪ್ಪಿಕೊಂಡಳು.

ಡಾಕ್ಟರು ಈ ಮೂರೂ ಆಕಳಿಗೆ ಬೇರೊಂದು ಸೂಜಿ ಹಾಕಿದರು. ರಾಣಿ ಬೆದೆಗೆ ಬರುವ ಹೊತ್ತಿಗೇ ಇವೂ ಬರಬೇಕು, ಇಲ್ಲದಿದ್ದರೆ ಭ್ರೂಣ ಹಿಡಿಯುವುದಿಲ್ಲ ಎಂದು. ಮನೆಮನೆಗೆ ಹೋಗಿ ತಾಕೀತು ಮಾಡಿದರು: "ಬೆದಿಗೆ ಬಂದ್ರ ನಮಗ ತಿಳಸ್ರಿ. ಹೋರಿ ಹತ್ರ ಹೊಡ್ಕೊಂಡು ಹೋಗಬ್ಯಾಡ್ರಿ ಮತ್ತ." ಎಲ್ಲರೂ ತಲೆ ಆಡಿಸಿದರು.

ರಾಣಿ ಸರಿಯಾಗಿ ಬೆದೆಗೆ ಬಂತು. ಡಾಕ್ಟರು ಬಳ್ಳಾರಿಯಿಂದ ತಂದ ಜರ್ಸಿ ಹೋರಿಯ ವೀರ್ಯ ಕೊಟ್ಟರು. ಉಳಿದವುಗಳಲ್ಲಿ ಎರಡು ಆಕಳು ಸುಮ್ಮನೆ ಮೆಲುಕು ಹಾಕುತ್ತ ನಿಂತವು, ಸೂಜಿ ತಗುಲಿದ ಲಕ್ಷಣವೇ ಇಲ್ಲ. ಬೆದೆಗೆ ಬಂದದ್ದು ಕೆಂಚಿ ಒಂದೇ. ಓಣಿ ತುಂಬ ಅದರ ಕೂಗು ಕೇಳಿಸಿತು.

ಒಂದು ವಾರ ಕಳೆದು ಡಾಕ್ಟರು ಮತ್ತೆ ಬಂದರು. ಈ ಸಲ ಸೂಕ್ಷ್ಮದರ್ಶಕವೂ ಬಂತು. ನಮ್ಮ ಪಡಸಾಲೆಯಲ್ಲಿ ಮೇಜು ಹಾಕಿ, ಧೂಳು ಬೀಳಬಾರದೆಂದು ಬಾಗಿಲಿಗೆ ಒದ್ದೆ ಸೀರೆ ಕಟ್ಟಿದೆವು. ರಾಣಿಯ ಗರ್ಭಕೋಶಕ್ಕೆ ರಬ್ಬರ್ ಕೊಳವೆ ಹಾಕಿ, ದ್ರಾವಣ ಬಿಟ್ಟು ತೊಳೆದು, ಬಂದ ನೀರನ್ನು ಬಟ್ಟಲಿನಲ್ಲಿ ಹಿಡಿದರು. ಆಮೇಲೆ ಒಂದು ಕಣ್ಣು ಮುಚ್ಚಿ ಹುಡುಕಲು ಕೂತರು. ನನಗೆ ಕಾಲು ನಿಲ್ಲಲಿಲ್ಲ.

"ಐತೇನ್ರಿ ಸರ್?"

"ತಡಿ."

"ಕಂಡ್ತೇನ್ರಿ?"

"ತಡಿ ಅಂದ್ನಲ್ಲೋ ಮಾರಾಯ! ...ಇದು ಕೆಟ್ಟೈತಿ. ಇದೂ ಕೆಟ್ಟೈತಿ. ಇದು ಬರೇ ತತ್ತಿ." ಬಹಳ ಹೊತ್ತಾದ ಮೇಲೆ ಅವರ ಬೆನ್ನು ನೆಟ್ಟಗಾಯಿತು. "ಒಂದೈತಿ. ಒಂದ ಒಂದು. ಆದ್ರ ಏನ್ ಚಂದ ಐತಿ ನೋಡೋ!"

ನಾನು ನೋಡಿದೆ. ಉಂಡೆ ಕಟ್ಟಿದ ಸಾಬೂದಾಣಿ ಹಾಗೆ, ಗಾಜಿನ ಉಂಗುರದೊಳಗೆ ಪುಟ್ಟ ಪುಟ್ಟ ಕಾಳು. ದೊಡ್ಡವ್ವನನ್ನೂ ಕರೆದೆವು. ಅವಳು ಕನ್ನಡಕ ತೆಗೆದು, ಬಗ್ಗಿ, ಎಷ್ಟೋ ಹೊತ್ತು ನೋಡಿದಳು.

"ಇದಕ್ಕ ಬಾಲ ಯಾವಾಗ ಬರ್ತೈತಿ?" ಎಂದು ಮೆಲ್ಲಗೆ ಕೇಳಿದಳು. ನಾವು ಯಾರೂ ನಗಲಿಲ್ಲ.

"ಹೆಣ್ಣೋ ಗಂಡೋ?"

"ಅದು ಈಗ ಗೊತ್ತಾಗಂಗಿಲ್ರಿ ಅಮ್ಮಾರ."

ಅದನ್ನು ಸಣ್ಣ ನಳಿಕೆಯಲ್ಲಿ ಎಳೆದುಕೊಂಡು ಮೆರವಣಿಗೆ ಹೊರಟ ಹಾಗೆ ಹಿಂದಿನ ಓಣಿಗೆ ಹೋದೆವು. ಉಚ್ಚಂಗೆಮ್ಮ ಅಂಗಳ ಸಾರಿಸಿ, ಕೆಂಚಿಯ ಕೋಡಿಗೆ ಕುಂಕುಮ ಹಚ್ಚಿ ನಿಲ್ಲಿಸಿದ್ದಳು. ಡಾಕ್ಟರು ಕೈಗೆ ಉದ್ದನೆ ರಬ್ಬರ್ ಚೀಲ ಏರಿಸಿಕೊಂಡು ಕೆಂಚಿಯನ್ನು ಪರೀಕ್ಷೆ ಮಾಡುತ್ತಿದ್ದರು. ಉಚ್ಚಂಗೆಮ್ಮ ಬಲು ಹಿಗ್ಗಿನಿಂದ ಹೇಳಿದಳು:

"ನಿಮ್ಮ ಕೈಗುಣ ಭಾಳ ಚಲೋ ಐತ್ರಿ ಡಾಕ್ಟ್ರ. ಆವತ್ತು ದೇವ್ರ ಬಸವನೂ ಬಂದು ಆಶೀರ್ವಾದ ಮಾಡಿ ಹೋದ!"

ಡಾಕ್ಟರ ಕೈ ಒಳಗೇ ನಿಂತಿತು.

"ಏನ್ ಮಾಡಿ ಹೋದ?"

ದೇವರ ಬಸವ ಎಂದರೆ ಊರಿನವರು ಗುಡಿಗೆ ಬಿಟ್ಟ ಹೋರಿ. ಅದನ್ನು ಯಾರೂ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ. ನೆಲ್ಲಿನ ಮಡಿಗೆ ಬಿದ್ದು ಮೇಯ್ದರೂ ಕೈಮುಗಿದು "ಮುಂದಕ್ಕ ಹೋಗಪ್ಪಾ" ಎನ್ನುವುದಷ್ಟೇ. ಆವತ್ತು ಕೆಂಚಿಯ ಕೂಗು ಕೇಳಿ ಬೇಲಿಯ ಮುಳ್ಳು ಮುರಿದು ನುಗ್ಗಿತ್ತು.

"ಹೋರಿ ಹತ್ರ ಹೊಡ್ಕೊಂಡು ಹೋಗಬ್ಯಾಡ ಅಂದಿದ್ದೆ ಇಲ್ಲೋ?" ಎಂದು ಕಿರುಚಿದರು ಡಾಕ್ಟರು.

"ನಾ ಎಲ್ಲಿ ಹೊಡ್ಕೊಂಡು ಹೋದ್ನಿರೀ? ಆತನ ಬಂದ!"

"ಓಡಿಸಬೇಕಿಲ್ಲೇನಮ್ಮಾ?"

"ಬಸವಣ್ಣನ್ನ?" ಉಚ್ಚಂಗೆಮ್ಮ ಎರಡೂ ಕೆನ್ನೆ ಬಡಿದುಕೊಂಡಳು. "ಬಡಿಗಿ ತಗೊಂಡು ಬಸವಣ್ಣನ್ನ ಓಡಿಸ್ಲೇನ್ರಿ? ಮನೀ ಬಾಗಲಿಗೆ ಬಂದಾತಗ ಕಾಯಿ ಒಡದು, ಅರಿಶಿಣ ಕುಂಕುಮ ಹಚ್ಚಿ ಕಳಿಸಿದೆ."

ಎರ್ರೆಪ್ಪ ಮೂಲೆಯಲ್ಲಿ ನಿಂತು, "ಕಾಯಿ ಸಮ ಒಡದಿತ್ರಿ" ಎಂದು ಸಾಕ್ಷಿ ಹೇಳಿದ.

ಡಾಕ್ಟರು ಮೋಟುಗೋಡೆಯ ಮೇಲೆ ಕೂತುಬಿಟ್ಟರು. ನಳಿಕೆಯಲ್ಲಿ ಇದ್ದದ್ದು ಒಂದೇ ಭ್ರೂಣ. ಊರಲ್ಲಿ ಸಿದ್ಧವಾಗಿದ್ದದ್ದು ಒಂದೇ ಆಕಳು. ಅದರೊಳಗೆ ಆಗಲೇ ಬಸವನ ಪಾಲು ಸೇರಿರಬಹುದು. ದೊಡ್ಡವ್ವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಈಗ ಏನ್ ಮಾಡೋದು, ತಮ್ಮಾ?" ಎಂದಳು ದೊಡ್ಡವ್ವ. ಡಾಕ್ಟರನ್ನು ತಮ್ಮಾ ಎಂದದ್ದು ಅದೇ ಮೊದಲು.

ಡಾಕ್ಟರು ಎದ್ದರು. "ಆಕಳ ಗರ್ಭಕೋಶಕ್ಕ ಎರಡು ಕೋಡು ಇರ್ತಾವ್ರಿ ಅಮ್ಮಾರ, ಬಲಕ್ಕೊಂದು ಎಡಕ್ಕೊಂದು. ಕೆಂಚಿ ತತ್ತಿ ಬಲಗಡಿಗೆ ಬಂದೈತಿ. ನಾನು ನಿಮ್ಮದನ್ನ ಎಡಗಡಿ ಇಡ್ತೀನಿ. ಇದಾದ್ರೂ ನಿಲ್ಲಬಹುದು, ಅದಾದ್ರೂ ನಿಲ್ಲಬಹುದು, ಏನೂ ನಿಲ್ಲದ ಇರಬಹುದು. ನನ್ನ ಕೈಯಾಗ ಇಷ್ಟ ಐತಿ."

"ಇಡ್ರಿ. ಬಟ್ಟಲದಾಗ ಇಟ್ಕೊಂಡು ಪೂಜಿ ಮಾಡಾಕ ಬರಂಗಿಲ್ಲಲ್ಲ."

ಎಡಗಡೆ ಇಟ್ಟರು.

ಕೆಂಚಿ ಗಬ್ಬವಾಗಿದ್ದು ನಿಜವಾಯಿತು. ಹೊಟ್ಟೆಯಲ್ಲಿರುವುದು ಯಾರದ್ದು ಎಂದು ಹೇಳುವವರು ಮಾತ್ರ ಯಾರೂ ಇಲ್ಲ. ಡಾಕ್ಟರು ಬಂದಾಗಲೆಲ್ಲ ಕೈ ಹಾಕಿ, "ಕರ ಐತ್ರಿ, ನೀರಿನ ಚೀಲ ಎರಡೂ ಕಡಿ ಹಬ್ಬೈತಿ, ಗುರುತಿನ ಚೀಟಿ ಸಿಗವಲ್ದು" ಎನ್ನುವರು. ಕರೂರಿನಲ್ಲಿ ಎರಡು ಪಾರ್ಟಿಯಾದವು. ಬಾವಿಕಟ್ಟೆಯವರು ರಾಣಿ ಪಾರ್ಟಿ, ಗುಡಿಕಟ್ಟೆಯವರು ಬಸವನ ಪಾರ್ಟಿ. ನಾನು ಶನಿವಾರ ಬಳ್ಳಾರಿಯಿಂದ ಬಂದು ಬಸ್ಸಿಳಿದ ಕೂಡಲೇ ಯಾರಾದರೂ ಒಬ್ಬರು, "ಏನಲೇ ಮರಿಬಸ್ಯಾ, ನಿನ್ನ ಹಂದಿ ಔಷಧ ಗೆಲ್ತೈತೋ, ನಮ್ಮ ಬಸವಣ್ಣ ಗೆಲ್ತಾನೋ?" ಎನ್ನದೆ ಬಿಡುತ್ತಿರಲಿಲ್ಲ.

ದೊಡ್ಡವ್ವ ಮಾತ್ರ ಮಾತಿನಂತೆ ಹುಲ್ಲು, ಹಿಂಡಿ ಕಳಿಸುತ್ತಲೇ ಇದ್ದಳು. ಉಚ್ಚಂಗೆಮ್ಮನಿಗೇ ಸಂಕೋಚವಾಗಿ, "ಗೌಡ್ತಿ, ನಮ್ಮ ಬಸವಂದ ಇದ್ರ ನಿಮ್ಮ ಹಿಂಡಿ ಸುಮ್ನ ಹೋಗ್ತೈತ್ರಿ" ಎಂದರೆ, "ಬಸುರಿ ತಿಂದಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರೇನು?" ಎಂದಳು.

ಬೇಸಿಗೆಯಲ್ಲಿ ರಾಣಿ ಹೋಯಿತು. ಒಂದು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ದೊಡ್ಡವ್ವ ಹಿತ್ತಿಲಲ್ಲೇ ಬೇವಿನ ಗಿಡದ ಹತ್ತಿರ ಕುಣಿ ತೋಡಿಸಿ, ತಾನೇ ಉಪ್ಪು, ವಿಭೂತಿ ಹಾಕಿದಳು. ಅತ್ತದ್ದನ್ನು ನಾನು ನೋಡಲಿಲ್ಲ. ಆದರೆ ಮರುದಿನ ಬೆಳಿಗ್ಗೆ ವಿಭೂತಿ ಗಟ್ಟಿ ಕೈಯಲ್ಲಿ ಹಿಡಿದುಕೊಂಡು ಖಾಲಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಬಹಳ ಹೊತ್ತು ನಿಂತು, ಆಮೇಲೆ ಹಿಂದಿನ ಓಣಿಗೆ ನಡೆದು ಹೋಗಿ ಕೆಂಚಿಯ ಹಣೆಗೆ ಹಚ್ಚಿ ಬಂದಳು. ಅಂದಿನಿಂದ ದಿನಾ ಅದೇ.

ಮುಂಗಾರು ಶುರುವಾಗಿ, ಕಾಲುವೆಗೆ ನೀರು ಬಿಡುತ್ತಾರೆ ಎಂದು ಊರೆಲ್ಲ ಸಸಿಮಡಿ ಮಾಡುವ ಗಡಿಬಿಡಿಯಲ್ಲಿದ್ದಾಗ ಕೆಂಚಿಗೆ ನೋವು ಶುರುವಾಯಿತು. ಹಾಡಹಗಲು. ಗದ್ದೆಗೆ ಹೊರಟವರೆಲ್ಲ ಅರ್ಧ ದಾರಿಯಿಂದ ತಿರುಗಿ ಬಂದು ಉಚ್ಚಂಗೆಮ್ಮನ ಬೇಲಿಯ ಸುತ್ತ ನಿಂತರು. ನಾನು ಡಾಕ್ಟರಿಗೆ ಫೋನು ಮಾಡಿಸಲು ಸಿರುಗುಪ್ಪಕ್ಕೆ ಒಬ್ಬನನ್ನು ಓಡಿಸಿ ಬರುವಷ್ಟರಲ್ಲಿ ಕರುವಿನ ಕಾಲು ಕಾಣಿಸಿತ್ತು.

ಕರು ಬಿತ್ತು. ಬೆಳ್ಳಗೆ. ಹೆಗಲ ಮೇಲೆ ಡುಬ್ಬದ ಗುರುತು, ಕೊರಳ ಕೆಳಗೆ ಜೋಲುವ ಗಂಗೆದೊಗಲು. ಥೇಟು ದೇವರ ಬಸವ.

ಗುಡಿಕಟ್ಟೆಯವರು ಹೋ ಎಂದರು. ಆಮೇಲೆ ದೊಡ್ಡವ್ವನನ್ನು ನೋಡಿ ತಾವೇ ಸುಮ್ಮನಾದರು. ಉಚ್ಚಂಗೆಮ್ಮನಂತೂ ತನ್ನ ಮನೆಯಲ್ಲಿ ಕರು ಹುಟ್ಟಿದ್ದಕ್ಕೆ ನಗಬೇಕೋ ಬೇಡವೋ ತಿಳಿಯದೆ ಸೆರಗು ಕಚ್ಚಿ ನಿಂತಳು.

ದೊಡ್ಡವ್ವ ಹತ್ತಿರ ಹೋಗಿ ಕರುವಿನ ಮೂಗಿನ ಲೋಳೆ ಒರೆಸಿದಳು.

"ಚಂದ ಐತಿ ಉಚ್ಚಂಗಿ ನಿನ್ನ ಕರ. ನೆದರಾದೀತು, ಕಪ್ಪು ದಾರ ಕಟ್ಟು."

ಅಷ್ಟು ಹೇಳಿ, ಸೀರೆಯ ನಿರಿಗೆ ಕೊಡವಿಕೊಂಡು ಮನೆಯ ಕಡೆ ನಡೆದಳು. ಹಿಂದೆ ತಿರುಗಿ ನೋಡಲಿಲ್ಲ. ಹಿಂದೆಯೇ ಹೋಗಬೇಕೆಂದು ನಾನೂ ಹೊರಟೆ. ಆಗ ಎರ್ರೆಪ್ಪ ಕೂಗಿದ.

"ಏ, ಕೆಂಚಿ ಮತ್ತ ತಿಣಕಾಕ ಹತ್ತೈತಿ!"

"ಮಾಸು ಬೀಳಬೇಕಲ್ಲೋ," ಎಂದಳು ಉಚ್ಚಂಗೆಮ್ಮ.

"ಮಾಸಿಗೆ ಗೊರಸು ಇರ್ತಾವೇನ?"

ನಾನು ಬೇಲಿ ಹಾರಿ ಬಂದೆ. ಗೊರಸು! ಕಪ್ಪು ಗೊರಸು, ಆಮೇಲೆ ಕಪ್ಪು ಮೂತಿ, ಆಮೇಲೆ ಜಿಂಕೆ ಬಣ್ಣದ ಸಣ್ಣ ಮೈ ಜಾರಿಕೊಂಡು ಎರ್ರೆಪ್ಪನ ತೊಡೆಯ ಮೇಲೆ ಬಿತ್ತು. ಕಣ್ಣಿನ ಸುತ್ತ ಕಾಡಿಗೆ ಹಚ್ಚಿದಂತೆ ಅಂಚು. ನಾನು ಬಾಲ ಎತ್ತಿ ನೋಡಿದೆ. ಹೆಣ್ಣು! ಅಲ್ಲಿಂದ ನಾನು ಓಡಿದ ಓಟಕ್ಕೆ ಒಂದು ಚಪ್ಪಲಿ ಇವತ್ತಿಗೂ ಸಿಕ್ಕಿಲ್ಲ.

ದೊಡ್ಡವ್ವ ಕಟ್ಟೆಯ ಮೇಲೆ ಕೂತಿದ್ದಳು.

"ದೊಡ್ಡವ್ವಾ! ರಾಣಿ! ಇನ್ನೊಂದು! ಹೆಣ್ಣು!"

"ಸರಿಯಾಗಿ ಉಸಿರು ತಗೊಂಡು ಹೇಳಲೇ, ಯಾರು ಸತ್ರು?"

"ಯಾರೂ ಸತ್ತಿಲ್ಲ, ಹುಟ್ಯಾರ! ರಾಣಿ ಮಗಳು ಹುಟ್ಯಾಳ!"

ಅವಳು ಕೈ ಚಾಚಿದಳು, ನಾನು ಹಿಡಿದು ಎಬ್ಬಿಸಿದೆ. ಉಚ್ಚಂಗೆಮ್ಮನ ಅಂಗಳಕ್ಕೆ ಬಂದು ಆ ಕರುವಿನ ಎದುರು ಕೂತವಳು ಅದರ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೆಂಚಿ ಪಾಪ, ಎಡಕ್ಕೊಂದು ಬಲಕ್ಕೊಂದು, ಯಾವುದನ್ನು ನೆಕ್ಕಬೇಕೆಂದು ತಿಳಿಯದೆ ನಡುವೆ ದೊಡ್ಡವ್ವನ ತಲೆಯನ್ನೂ ಒಮ್ಮೆ ನೆಕ್ಕಿತು.

ಡಾಕ್ಟರ ಜೀಪು ಬಂದದ್ದು ಮಧ್ಯಾಹ್ನ. ಅವರು ರಾಣಿಯ ಮಗಳನ್ನು ಕಂಡು ಕುಣಿಯುತ್ತಾರೆ ಎಂದುಕೊಂಡಿದ್ದೆ. ಅದನ್ನು ನೋಡಿದರು, ಬಾಲ ಎತ್ತಿದರು, ಮುಖ ಗಂಭೀರವಾಯಿತು. ಸೀದಾ ಆ ಬಿಳಿ ಕರುವಿನ ಹತ್ತಿರ ಓಡಿ ಅದರ ಬಾಲ ಎತ್ತಿದರು. ಗದ್ದಲದಲ್ಲಿ ಅದು ಹೋರಿಯೋ ಹೆಣ್ಣೋ ಎಂದು ನಾವು ಯಾರೂ ನೋಡಿಯೇ ಇರಲಿಲ್ಲ. ಬಸವನ ಪಡಿಯಚ್ಚು ಎಂದಮೇಲೆ ಹೋರಿಯೇ ಎಂದುಕೊಂಡಿದ್ದೆವು.

"ಇದೂ ಹೆಣ್ಣು!" ಡಾಕ್ಟರು ಅಲ್ಲೇ ಸಗಣಿಯ ಪಕ್ಕದಲ್ಲಿ ಕುಕ್ಕರಿಸಿದರು. "ಉಳದ್ವಿ ಅಮ್ಮಾರ, ಉಳದ್ವಿ!"

"ಯಾಕ, ಏನಾಗತಿತ್ತು?"

"ಅವಳಿ ಒಳಗ ಒಂದು ಹೋರಿ, ಒಂದು ಹೆಣ್ಣು ಆದ್ರ, ಆ ಹೋರಿ ರಕ್ತದ ಹಾರ್ಮೋನು ಹೆಣ್ಣಿನ ಮೈಗೆ ಸೇರಿ ಆಕಿ ಹೆಚ್ಚುಕಡಿಮಿ ಗೊಡ್ಡ ಆಗ್ತಾಳ್ರಿ. ಮುಂದ ಸಂತಾನ ಇರಂಗಿಲ್ಲ. ಈ ಬಿಳೇದು ಹೋರಿ ಆಗಿದ್ರ, ರಾಣಿ ಮಗಳು ಇದ್ರೂ ರಾಣಿ ಮೊಮ್ಮಗಳು ಇರತಿರ್ಲಿಲ್ಲ."

ದೊಡ್ಡವ್ವ ಬಿಳಿ ಕರುವನ್ನು ನೋಡಿದಳು. ಬೇಲಿಯ ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಕೊನೆಗೆ ಉಚ್ಚಂಗೆಮ್ಮನ ಹತ್ತಿರ ಕಣ್ಣು ನಿಂತಿತು.

"ಹೋರಿ ದೇವ್ರನ್ನ ಹೆಣ್ಣುಕರ ಕೇಳ್ಯಾಳ ಅಂತ ನಕ್ಕಾಕಿ ನೀನ ಹೌದಿಲ್ಲೋ?"

"ಒಂದ್ ಸಲ ನಕ್ಕಿನಿರೀ..."

"ಸೀರಿ ಒಗದಿಟ್ಕೋ. ಸೋಮವಾರ ಕುರುಗೋಡಿಗೆ ಹೋಗಬೇಕು, ನೀನೂ ಬರ್ತಿ. ಕಾಯಿ ನಿನ್ನ ಕೈಲೇ ಒಡಸ್ತೀನಿ."

"ನಾ ಯಾಕ್ರಿ ಗೌಡ್ತಿ? ಹರಕಿ ನಿಮ್ಮದು."

"ನಾ ಒಂದು ಕೇಳಿದ್ದೆ, ಆತ ಎರಡು ಕೊಟ್ಟಾನ. ಇನ್ನೊಂದರದ್ದು ಯಾರು ತೀರಸ್ಬೇಕು, ನಾನೇನು?"

ಉಚ್ಚಂಗೆಮ್ಮ ಈ ಸಲ ಬಾಯಿಬಿಟ್ಟೇ ನಕ್ಕಳು. ಮರುದಿನ ಕೆಂಚಿಯ ಗಿಣ್ಣದ ಹಾಲಿಗೆ ದೊಡ್ಡವ್ವ ನಮ್ಮ ಮನೆಯ ಬೆಲ್ಲ, ಏಲಕ್ಕಿ ಕಳಿಸಿದಳು. ರಾಣಿ ಪಾರ್ಟಿ, ಬಸವನ ಪಾರ್ಟಿ ಎನ್ನದೆ ಓಣಿಯವರೆಲ್ಲ ತಿಂದರು. ರಾತ್ರಿ ನಮ್ಮಲ್ಲೇ ಉಳಿದಿದ್ದ ಡಾಕ್ಟರಿಗೂ ಒಂದಿಷ್ಟು ಕಟ್ಟಿಕೊಡಲು ಹೊರಟೆವು. ಬಿಸಿಗೆ ಕೆಡಬಾರದಲ್ಲ, ಔಷಧ ಇಟ್ಟಿದ್ದ ಅದೇ ಥರ್ಮಾಸಿನಲ್ಲಿ ಇಡೋಣವೆಂದು ನಾನು ಕಟ್ಟೆಯ ಮೇಲಿಂದ ಎತ್ತಿಕೊಂಡು ಬಂದೆ.

"ಅದರಾಗ ಬ್ಯಾಡಲೇ!" ಎಂದು ಒಳಗಿನಿಂದ ದೊಡ್ಡವ್ವ ಕೂಗಿದಳು. "ಅದು ತಿಂದು ಡಾಕ್ಟ್ರ ಹೆಂಡ್ತಿ ಹತ್ತು ಹಡದ್ರ ಯಾರು ಬಾಣಂತನ ಮಾಡ್ಬೇಕು?"